ಮಂಡ್ಯದಿಂದ ಅಪ್ಪನನ್ನು ಮೊದಲ ಸಲ ಮೈಸೂರಿನ ಹೃದ್ರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಏನೇನು ಸಿದ್ಧ ಮಾಡಿಕೊಳ್ಳಬೇಕು?

ಮೊದಲು ಮಾತ್ರೆ. ‘ಬೆಳಿಗ್ಗೆ ಒಂದು ಬಿಳೀದು, ರಾತ್ರಿ ಅರ್ಧ ಹಳದೀದು’ ಅಂದರೆ ಯಾವ ಡಾಕ್ಟರಿಗೂ ಏನೂ ತಿಳಿಯಲ್ಲ. ಅಪ್ಪ ನುಂಗುವ ಅಷ್ಟೂ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಳ್ಳಿ. ನಮ್ಮ ತಂದೆ ಹೆಸರಿದ್ದ ತುದಿಯನ್ನೇ ಕತ್ತರಿಸಿ ಎಸೆದಿದ್ದರು. ಡಾಕ್ಟರ ಎದುರೇ ಕೂತು ಊರಿನ ಮೆಡಿಕಲ್ ಶಾಪಿಗೆ ಫೋನ್ ಮಾಡಬೇಕಾಯಿತು. ಮಂಡಿನೋವಿಗೆ ತಾವೇ ಕೊಂಡು ನುಂಗುವ ಮಾತ್ರೆ, ನಾಟಿ ಔಷಧಿ ಎಲ್ಲವನ್ನೂ ಹೇಳಿ. ಕೆಲವು ನೋವಿನ ಮಾತ್ರೆಗಳಿಂದ ಬಿಪಿ ಏರುತ್ತದೆ.

ಹಳೆಯ ಇಸಿಜಿ ಇದ್ದರೆ ತಪ್ಪದೆ ಒಯ್ಯಿರಿ, ಹೊಸದರ ಜೊತೆ ಹೋಲಿಸಿ ನೋಡುತ್ತಾರೆ. ಆ ಕಾಗದ ಬರಬರುತ್ತಾ ಮಾಸುತ್ತದೆ, ಝೆರಾಕ್ಸ್ ಮಾಡಿಸಿಡಿ. ಲ್ಯಾಮಿನೇಷನ್ ಮಾತ್ರ ಬೇಡ, ಬಿಸಿಗೆ ಕಪ್ಪಾಗಿಬಿಡುತ್ತದೆ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ಇಸಿಜಿಗೆ, ಮಾಮೂಲಿ ಎಕೋಗೆ (ಹೃದಯದ ಸ್ಕ್ಯಾನಿಂಗ್) ಉಪವಾಸ ಬೇಕಿಲ್ಲ. ಶುಗರ್ ಇರುವವರು ಮಾತ್ರೆ ನುಂಗಿ, ತಿಂಡಿ ಬಿಟ್ಟು ಬಸ್ ಹತ್ತಿದರೆ ಶ್ರೀರಂಗಪಟ್ಟಣ ದಾಟುವಷ್ಟರಲ್ಲೇ ಬೆವರು, ನಡುಕ ಶುರುವಾಗಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಆಧಾರ್, ಬಿಪಿಎಲ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಖಾಸಗಿ ಆಸ್ಪತ್ರೆಯಾದರೆ, ತುರ್ತಿಲ್ಲದಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಅಷ್ಟರೊಳಗೆ ಎದೆನೋವು ಬಂದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.