ಓದುಗರ ಪ್ರಶ್ನೆ: ಝಾನ್ಸಿಯ ಇಬ್ಬರು ದಾಮೋದರ ರಾವ್

ಪ್ರಶ್ನೆ: ರಾಣಿ ಲಕ್ಷ್ಮೀಬಾಯಿಯ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡನೆಂದು ಓದಿದ್ದೇನೆ. ಹಾಗಿದ್ದರೆ ಪ್ರತಿಮೆಗಳಲ್ಲಿ ಆಕೆಯ ಬೆನ್ನಿಗೆ ಕಟ್ಟಿರುವ ಮಗು ಯಾರು?

ಉತ್ತರ: ನೀವು ಓದಿದ್ದು ಸರಿ. ಇಬ್ಬರು ಮಕ್ಕಳಿಗೂ ಒಂದೇ ಹೆಸರಿದ್ದುದರಿಂದ ಈ ಗೊಂದಲ ಹುಟ್ಟಿದೆ. ರಾಣಿ ಹೆತ್ತ ಮಗ ದಾಮೋದರ ರಾವ್ ಹುಟ್ಟಿದ್ದು 1851ರಲ್ಲಿ. ಸುಮಾರು ನಾಲ್ಕು ತಿಂಗಳಿಗೇ, ಇನ್ನೂ ಅನ್ನಪ್ರಾಶನದ ವಯಸ್ಸೂ ಆಗದಿದ್ದಾಗ, ಆ ಕೂಸು ಕಣ್ಮುಚ್ಚಿತು.

ಎರಡು ವರ್ಷಗಳ ಬಳಿಕ ಮಹಾರಾಜ ಗಂಗಾಧರ ರಾವ್ ಹಾಸಿಗೆ ಹಿಡಿದರು. 1853ರ ನವೆಂಬರ್ 20ರಂದು, ಅಂದರೆ ಪ್ರಾಣ ಬಿಡುವ ಹಿಂದಿನ ದಿನ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಮೇಜರ್ ಎಲ್ಲಿಸ್‌ನ ಸಮ್ಮುಖದಲ್ಲಿ, ತಮ್ಮ ಬಂಧುವಿನ ಮಗನಾದ ಐದು ವರ್ಷದ ಆನಂದ ರಾವ್‌ನನ್ನು ದತ್ತು ಸ್ವೀಕರಿಸಿ, ತೀರಿಹೋದ ಕಂದನ ಹೆಸರನ್ನೇ ಅವನಿಗೆ ಇಟ್ಟರು. ಈ ಬಾಲಕನನ್ನು ದಯೆಯಿಂದ ಕಾಣಬೇಕು, ತಮ್ಮ ಪತ್ನಿ ಬದುಕಿರುವವರೆಗೆ ರಾಜ್ಯದ ಆಡಳಿತ ಆಕೆಯ ಕೈಯಲ್ಲಿರಬೇಕು ಎಂದು ಕೋರಿದ ಪತ್ರವನ್ನೂ ಅಧಿಕಾರಿಗೆ ಒಪ್ಪಿಸಿದರು. ಆ ರೋಗಶಯ್ಯೆಯ ಪಕ್ಕದಲ್ಲಿ ನಿಂತಿದ್ದ ಹುಡುಗನನ್ನು ತಂದೆ ಹೊಸ ಹೆಸರಿನಿಂದ ಕರೆದಾಗ ರಾಣಿಯ ಕರುಳು ಎಷ್ಟು ಕಲಕಿತ್ತೋ!

ಹೆತ್ತ ಮಗ ಸತ್ತದ್ದರಿಂದಲೇ ಝಾನ್ಸಿ ಹೋಯಿತೆಂದು ಹಲವರು ಹೇಳುತ್ತಾರೆ; ಆ ಮಾತನ್ನು ನಾನು ಒಪ್ಪಲಾರೆ. ಹಿಂದೂ ಧರ್ಮಶಾಸ್ತ್ರದಲ್ಲಿ ದತ್ತುಪುತ್ರನಿಗೂ ಹೆತ್ತ ಮಗನಂತೆಯೇ ಪಿಂಡ ಹಾಕುವ, ಆಸ್ತಿ ಪಡೆಯುವ ಹಕ್ಕಿದೆ. ಗವರ್ನರ್ ಜನರಲ್ ಡಾಲ್‌ಹೌಸಿಯ ನೀತಿಯಲ್ಲಿ ಅಂಥ ಮಗ ಖಾಸಗಿ ಸೊತ್ತಿಗೆ ವಾರಸುದಾರನಾಗಬಹುದಾಗಿದ್ದರೂ ಅಧೀನ ಸಂಸ್ಥಾನದ ಗದ್ದುಗೆಗೆ ಕಂಪನಿಯ ಒಪ್ಪಿಗೆ ಬೇಕಾಗಿತ್ತು. ಮರಾಠಾ ಸಂಸ್ಥಾನವಾದ ಸಾತಾರಾ 1848ರಲ್ಲಿ ಹೀಗೆಯೇ ಕೈತಪ್ಪಿತ್ತು. ಸಂಸ್ಥಾನವನ್ನು ವಂಶಪಾರಂಪರ್ಯವೆಂದು ಮಾನ್ಯ ಮಾಡಿದ್ದ 1817ರ ಒಪ್ಪಂದವನ್ನು ರಾಣಿ ಮುಂದಿಟ್ಟರೂ ಫಲಿಸದೆ, 1854ರಲ್ಲಿ ಝಾನ್ಸಿ ಕಂಪನಿಯ ವಶವಾಯಿತು. ಕನ್ನಡಿಗರಿಗೆ ಇದು ಹೊಸ ಕಥೆಯಲ್ಲ: 1824ರಲ್ಲಿಯೇ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಿರಲಿಲ್ಲ.

ಬೆನ್ನಿನ ಮೇಲಿನ ಮಗು, ಈ ಎರಡನೆಯ ದಾಮೋದರ ರಾವ್. ಶಿಲ್ಪಿಗಳು ಅವನನ್ನು ಕೂಸಿನಂತೆ ಕೆತ್ತಿದರೂ, 1858ರ ಏಪ್ರಿಲ್‌ನಲ್ಲಿ ರಾಣಿ ಕೋಟೆ ಬಿಟ್ಟು ಹೊರಟಾಗ ಅವನಿಗೆ ಎಂಟು-ಒಂಬತ್ತು ವರ್ಷ ತುಂಬಿತ್ತು. ಆಕೆ ಆ ಜೂನ್‌ನಲ್ಲಿ ಗ್ವಾಲಿಯರ್‌ನ ಬಳಿ ಮಡಿದ ಮೇಲೂ ಅವನು ಬದುಕುಳಿದು, ಗದ್ದುಗೆಯೇರದೆ ಇಂದೋರ್‌ನಲ್ಲಿ ಬಾಳಿ, 1906ರಲ್ಲಿ ತೀರಿಕೊಂಡನು.