ಸಿ ಪ್ಲಸ್ ಪ್ಲಸ್‌ನಲ್ಲಿ ಮ್ಯಾಟ್ರಿಕ್ಸ್ ಕಾಲಮ್ ಸೊಟ್ಟ ಬರ್ತಿರೋದಕ್ಕೆ ಪ್ರತಿಕ್ರಿಯೆ
ಮ್ಯಾಟ್ರಿಕ್ಸ್ ಇನ್ವರ್ಸ್ ಪ್ರಿಂಟ್ ಮಾಡಿದ್ರೆ 0.25 ಒಂದ್ಕಡೆ, ಕೆಳಗಿನ ಸಾಲಿನ 0.333333 ಇನ್ನೊಂದ್ಕಡೆ ಓಡುತ್ತೆ ಅಂದ್ರಲ್ಲ, ಅದು ಸಂಖ್ಯೆಗಳ ನಡುವೆ ಹಾಕಿರೋ ಟ್ಯಾಬ್ ಕೆಲ್ಸ. ಕೋಡ್ ಪೂರ್ತಿ ಹಾಕಿಲ್ಲ, ಆದ್ರೂ ಮುಕ್ಕಾಲು ಪಾಲು ಅದೇ ಇರ್ಬೇಕು. ಟರ್ಮಿನಲ್‌ನಲ್ಲಿ ಟ್ಯಾಬ್ ಸಾಮಾನ್ಯವಾಗಿ 8 ಅಕ್ಷರಕ್ಕೊಂದು ನಿಲ್ದಾಣ, 0.25 ಆದ್ಮೇಲೆ ಬರೋ ಸಂಖ್ಯೆ ಮೊದಲನೇದ್ರಲ್ಲೇ ಇಳ್ಕೊಳತ್ತೆ, 0.333333 ಸರಿಯಾಗಿ 8 ಅಕ್ಷರ ಆಗೋದ್ರಿಂದ ಅದಾದ್ಮೇಲಿನ ಸಂಖ್ಯೆ ಮುಂದಿನ ಸ್ಟಾಪ್‌ಗೆ ಹೋಗ್ಬಿಡತ್ತೆ, ಹಾಸನದಲ್ಲಿ ಇಳೀಬೇಕಾದವ್ರು ಬೇಲೂರಿಗೆ ಹೋದಂಗೆ.

ಮೊದ್ಲು ಟ್ಯಾಬ್ ಎಲ್ಲಾ ತೆಗೀರಿ. ಕೋಡ್ ಮೇಲೆ, ಔಟ್‌ಪುಟ್ ಜೋಡಿಸೋ ಆದೇಶಗಳಿರೋ ಐಒಮ್ಯಾನಿಪ್ (iomanip) ಹೆಡರ್ ಸೇರ್ಸಿ. ಲೂಪ್ ಶುರುವಾಗೋಕ್ ಮುಂಚೆ ಒಂದೇ ಸಲ ಪ್ರಿಂಟ್ ಮಾಡೋ ಸಿಔಟ್‌ಗೆ (cout) ಫಿಕ್ಸ್ಡ್, ಸೆಟ್‌ಪ್ರಿಸಿಷನ್ 3 ಕೊಡಿ (ಅಂದ್ರೆ ಚುಕ್ಕಿ ಆದ್ಮೇಲೆ ಯಾವಾಗ್ಲೂ 3 ಅಂಕಿ), ಅವೆರಡೂ ಹಾಗೇ ಉಳ್ಕೊಳತ್ವೆ. ಕಾಲಮ್‌ಗೆ 10 ಅಕ್ಷರದ ಅಗಲ ಕೊಡೋ ಸೆಟ್‌ಡಬ್ಲ್ಯೂ 10 (setw) ಮಾತ್ರ ಹಂಗಲ್ಲ, ಅದು ಮುಂದಿನ ಒಂದೇ ಒಂದು ಬೆಲೆಗೆ ಕೆಲ್ಸ ಮಾಡಿ ಮರ್ತೋಗತ್ತೆ, ಅದಕ್ಕೇ ಒಳಗಿನ ಲೂಪ್‌ನಲ್ಲಿ ಪ್ರತಿ ಎಲಿಮೆಂಟ್‌ಗೂ ಮುಂಚೆ ಬರೀಲೇಬೇಕು (ನಾನೂ ಇದನ್ನ ಹೊರಗೆ ಬರ್ದು ಅರ್ಧ ದಿನ ತಲೆ ಕೆಡಿಸ್ಕೊಂಡಿದ್ದೆ). ಹೊಸ ಸಾಲು ಒಳ ಲೂಪ್ ಮುಗಿದ್ಮೇಲೆ.

ಆಮೇಲೆ ಅಲ್ಲಲ್ಲಿ -0.000 ಕಾಣ್ಸಬಹುದು, ಅದು ತಪ್ಪು ಲೆಕ್ಕ ಅಲ್ಲ, ತೀರಾ ಚಿಕ್ಕ ಮೈನಸ್ ಸಂಖ್ಯೆ ರೌಂಡ್ ಆಗಿರೋದು. ಎಫ್‌ಆಬ್ಸ್ (fabs, ಮೈನಸ್ ಗುರುತು ಬಿಟ್ಟ ಬೆಲೆ) 0.0005ಕ್ಕಿಂತ ಕಮ್ಮಿ ಇದ್ರೆ ಪ್ರಿಂಟ್‌ನಲ್ಲಿ 0 ತೋರ್ಸಿ, ಮ್ಯಾಟ್ರಿಕ್ಸ್ ಒಳಗಿನ ಬೆಲೆ ಮುಟ್ಬೇಡಿ.

ಲ್ಯಾಬ್ ರೆಕಾರ್ಡ್‌ಗೆ ಔಟ್‌ಪುಟ್‌ನ ವರ್ಡ್‌ಗೆ ಪೇಸ್ಟ್ ಮಾಡೋದಾದ್ರೆ ಎಲ್ಲಾ ಅಕ್ಷರಕ್ಕೂ ಒಂದೇ ಅಗಲ ಇರೋ ಕೊರಿಯರ್ ನ್ಯೂ ಫಾಂಟ್ ಇಡಿ, ಟೈಮ್ಸ್ ನ್ಯೂ ರೋಮನ್‌ನಲ್ಲಿ ಮತ್ತೆ ಸೊಟ್ಟ ಆಗತ್ತೆ, ಜೆರಾಕ್ಸ್ ಅಂಗಡೀಲಿ ನಿಂತಾಗ ಗೊತ್ತಾದ್ರೆ ದುಡ್ಡು ದಂಡ. ಇಷ್ಟು ಮಾಡಿಯೂ ಸರಿ ಬರ್ಲಿಲ್ಲ ಅಂದ್ರೆ ಪ್ರಿಂಟ್ ಮಾಡೋ ಎರಡು ಲೂಪ್ ಇಲ್ಲಿ ಹಾಕಿ.