ಮಾವೋರಿ ಹಳೆ ಪತ್ರಿಕೆಗಳಲ್ಲಿ ಹುಡುಕಿದ ಪದ ಸಿಗದಿದ್ದರೆ

ನ್ಯೂಜಿಲ್ಯಾಂಡಿನ ಮೂಲನಿವಾಸಿಗಳ ಭಾಷೆಯಾದ ಮಾವೋರಿಯ ಹಳೆ ಪತ್ರಿಕೆಗಳಲ್ಲಿ ‘ಫೆನುವಾ’ (ನೆಲ) ಅಂತ ಹುಡುಕಿದರೆ 1840ರ ದಶಕದ ಪುಟಗಳು ಯಾಕೆ ಬರಲ್ಲ ಅಂತ ಕೇಳಿದ್ದೀರಿ. ಪದ ಅಲ್ಲೇ ಇದೆ ಸರ್, ಕಾಗುಣಿತ ಬೇರೆ. ಮಾವೋರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ; ‘ಫ’ ಧ್ವನಿಗೆ ಈಗ ‘ಡಬ್ಲ್ಯೂ-ಎಚ್’ (whenua) ಹಾಕುವ ಕಡೆ ಮೊದಮೊದಲ ಮುದ್ರಣಗಳಲ್ಲಿ ಬರೀ ‘ಡಬ್ಲ್ಯೂ’ (wenua) ಹಾಕುತ್ತಿದ್ದರು. ಹಾಗಾಗಿ ಪ್ರತಿ ಪದವನ್ನೂ ಎರಡೂ ರೂಪದಲ್ಲಿ ಹುಡುಕಿ. ದೀರ್ಘ ಸ್ವರದ ಮೇಲಿನ ಅಡ್ಡಗೆರೆಯನ್ನೂ ಬಿಟ್ಟುಬಿಡಿ. ಆಗಿನ ಅಚ್ಚಿನಲ್ಲಿ ಅದು ಇರಲಿಲ್ಲ.

ಎರಡನೇ ತೊಂದರೆ, ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ತಪ್ಪಾಗಿ ಓದುವುದು. ಇದನ್ನು ಹಿಡಿಯಲು ಭಾಷೆ ಬರಲೇಬೇಕೆಂದಿಲ್ಲ. ಮಾವೋರಿ ಪದ ಯಾವಾಗಲೂ ಸ್ವರದಲ್ಲೇ ಮುಗಿಯುತ್ತೆ, ನಮ್ಮ ಕನ್ನಡದ ಹೆಚ್ಚಿನ ಪದಗಳ ಹಾಗೆಯೇ. ಅದರ ಅಕ್ಷರಮಾಲೆಯಲ್ಲಿ ಬಿ, ಎಲ್, ಎಸ್ ಇಲ್ಲವೇ ಇಲ್ಲ. ಮಾವೋರಿ ಅಂಕಣದಲ್ಲಿ ‘ಬಿ’ ಕಂಡರೆ ಅದು ಬಹುತೇಕ ಕಾಲು ಕೂಡಿಕೊಂಡ ‘ಎಚ್’. ‘ಎಲ್’ ಕಂಡರೆ ಅಡ್ಡಗೆರೆ ಮಾಸಿದ ‘ಟಿ’ ಇರಬಹುದು. ಅನುಮಾನ ಬಂದ ಕೂಡಲೇ ಪುಟದ ಚಿತ್ರ ತೆರೆದು ನೋಡಿ. ಪಠ್ಯವನ್ನಷ್ಟೇ ನಕಲಿಸಿ ಉಲ್ಲೇಖಿಸಬೇಡಿ.

ಹೆಸರುಗಳನ್ನೂ ಮಾವೋರಿ ರೂಪದಲ್ಲೇ ಕೊಡಿ: ವೆಲಿಂಗ್ಟನ್ನಿಗೆ ‘ಪೊನೆಕೆ’, ಆಕ್ಲೆಂಡಿಗೆ ‘ಅಕರನ’, ಗವರ್ನರಿಗೆ ‘ಕವನ’, ಡಿಸೆಂಬರಿಗೆ ‘ತಿಹೆಮ’.

ಹುಡುಕಲು ಎರಡು ಜಾಗ: ವೈಕಾಟೊ ವಿಶ್ವವಿದ್ಯಾಲಯದ ‘ನಿಯುಪೆಪಾ’ ಸಂಗ್ರಹ (1842ರಿಂದ 1932ರವರೆಗಿನದು), ಮತ್ತು ರಾಷ್ಟ್ರೀಯ ಗ್ರಂಥಾಲಯದ ‘ಪೇಪರ್ಸ್ ಪಾಸ್ಟ್’. ಎರಡನೆಯದರಲ್ಲಿ ಮೊದಲು ಪತ್ರಿಕೆಯ ಹೆಸರು ಆರಿಸಿಕೊಂಡು ಆಮೇಲೆ ಪದ ಹಾಕಿ; ಇಲ್ಲದಿದ್ದರೆ ಇಂಗ್ಲಿಷ್ ಪತ್ರಿಕೆಗಳ ರಾಶಿಯಲ್ಲಿ ಕಳೆದುಹೋಗ್ತೀರಿ.

ಎಲ್ಲಕ್ಕಿಂತ ಮುಖ್ಯ, ಪತ್ರಿಕೆ ಯಾರದ್ದು ಅಂತ ಮೊದಲು ನೋಡಿ. 1842ರಲ್ಲಿ, ಅಂದರೆ ನಮ್ಮ ‘ಮಂಗಳೂರ ಸಮಾಚಾರ’ಕ್ಕಿಂತ ಒಂದು ವರ್ಷ ಮೊದಲು, ಶುರುವಾದ ‘ತೆ ಕರೆರೆ ಒ ನುಯಿ ತಿರೆನಿ’ ಸರ್ಕಾರದ್ದು. 1862ರ ‘ತೆ ಹೊಕಿಯೊಯಿ’ ಮಾವೋರಿ ರಾಜನ ಪಕ್ಷದ್ದು. ಅದರ ಅಚ್ಚಿನ ಯಂತ್ರ ಆಸ್ಟ್ರಿಯಾದ ಚಕ್ರವರ್ತಿಯ ಉಡುಗೊರೆ. ಅದಕ್ಕೆ ಎದುರುತ್ತರ ಕೊಡಲೆಂದೇ 1863ರಲ್ಲಿ ಸರ್ಕಾರಿ ಅಧಿಕಾರಿ ಜಾನ್ ಗೋರ್ಸ್ಟ್ ತೆ ಅವಮುಟು ಎಂಬ ಊರಿನಲ್ಲಿ ‘ತೆ ಪಿಹೊಯಿಹೊಯಿ ಮೊಕೆಮೊಕೆ’ ಹೊರಡಿಸಿದ. ಐದನೇ ಸಂಚಿಕೆ ಅಚ್ಚಾಗುತ್ತಿರುವಾಗಲೇ ರಾಜನ ಪಕ್ಷದ ಮುಖಂಡ ರೇವಿ ಮಣಿಯಾಪೊಟೊ ಕಡೆಯವರು ಬಂದು ಯಂತ್ರವನ್ನೇ ಹೊತ್ತೊಯ್ದರು. ಒಂದೇ ಘಟನೆಯನ್ನು ‘ಹೊಕಿಯೊಯಿ’, ‘ಪಿಹೊಯಿಹೊಯಿ’ ಎರಡರಲ್ಲೂ ತಾರೀಖು ಹೊಂದಿಸಿ ಓದಿ.

ಎರಡು ಭಾಷೆಯ ಪತ್ರಿಕೆಯಾದರೆ ಪಕ್ಕದ ಇಂಗ್ಲಿಷ್ ಅಂಕಣ ಅಕ್ಷರಶಃ ಅನುವಾದ ಅಂತ ನಂಬಬೇಡಿ. ಟಿಪ್ಪಣಿಯಲ್ಲಿ ಸಂಪುಟ, ಸಂಚಿಕೆ, ತಾರೀಖು, ಪುಟ ನಾಲ್ಕೂ ಬರೆದಿಡಿ, ಜೊತೆಗೆ ಯಾವ ಕಾಗುಣಿತಕ್ಕೆ ಸಿಕ್ಕಿತು ಅನ್ನೋದನ್ನೂ.